ಬೀಗದಕ್ಕನ ಜೋಡಿಪದಗಳು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಸಲಕರಣೆ ಕೋಣೆಯ ಬೀಗದ ಕೈ ಇಪ್ಪತ್ತಾರು ವರ್ಷ ಒಬ್ಬಳದೇ ಸೊಂಟದಲ್ಲಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ಸ್ಪ್ಯಾನರ್ ಬೇಕಾದವರು ಕಿಟಕಿಯಲ್ಲಿ ನಂಬರಿನ ಬಿಲ್ಲೆ ಕೊಡಬೇಕು, ಪುಸ್ತಕದಲ್ಲಿ ಸಹಿ ಹಾಕಬೇಕು, ಸಂಜೆ ಒರೆಸಿ ವಾಪಸ್ ತರಬೇಕು. ಜಿಡ್ಡು ಹಾಗೇ ಉಳಿಸಿ ತಂದವನನ್ನು ಅವಳು ಬೈಯುತ್ತಿರಲಿಲ್ಲ. ಮಾರನೆಯ ದಿನ ಅವನಿಗೆಂದೇ ಮೂತಿ ಸವೆದ ಸ್ಕ್ರೂಡ್ರೈವರ್ ಆರಿಸಿ ಇಡುತ್ತಿದ್ದಳು. ಕೇಳಿದರೆ, "ಅದೂ ನಿನ್ನ ಹಾಗೇ ಸ್ವಲ್ಪ ಸೋಮಾರಿ ಕಣೋ, ಹೊಂದ್ಕೊಂಡು ಹೋಗು" ಎನ್ನುವಳು.

ಅವಳಿಗೆ ಐವತ್ತೆರಡು ತುಂಬಿದ ವರ್ಷ ಕಾರ್ಖಾನೆಗೆ ಹೊಸ ಯಂತ್ರ ಬಂತು. ಅದನ್ನು ಕೂರಿಸಲು ಸ್ಪೇನಿನಿಂದ ಮೂವರು ಬಂದರು. ಇಬ್ಬರು ಎಂಜಿನಿಯರುಗಳು, ಹೆಚ್ಚಾಗಿ ನಕಾಶೆಯ ಮೇಲೆ ಬಗ್ಗಿಕೊಂಡಿರುತ್ತಿದ್ದರು. ಕೈ ಮಸಿ ಮಾಡಿಕೊಳ್ಳುತ್ತಿದ್ದವನು ಮೂರನೆಯವನು, ಫಿಟ್ಟರ್. ಮೊದಲ ದಿನವೇ ಬಾಗಿಲ ಚೌಕಟ್ಟಿಗೆ ಎರಡು ಸಲ ಹಣೆ ಚಚ್ಚಿಕೊಂಡದ್ದರಿಂದ ಅವನಿಗೆ ಉದ್ದಣ್ಣ ಎಂದು ಹೆಸರು ಬಿತ್ತು.

ವಿದೇಶಿಯರು ಬರುತ್ತಾರೆಂದು ಗೊತ್ತಾದಾಗಲೇ ಬೀಗದಕ್ಕ ತಂಗಿಯ ಮಗಳ ಹಳೆಯ ಪುಟ್ಟ ಸ್ಪ್ಯಾನಿಷ್ ನಿಘಂಟನ್ನು ತಂದುಕೊಂಡಿದ್ದಳು. ಉದ್ದಣ್ಣ ಕಿಟಕಿಗೆ ಬಂದು "ಯಾವೆ" ಎಂದ. ಪುಟ ತಿರುವಿ ನೋಡಿದರೆ, ಯಾವೆ ಎಂದರೆ ಬೀಗದ ಕೈ! ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ನನ್ನ ಬೀಗದ ಕೈಯನ್ನೇ ಕೇಳ್ತೀಯಾ? ಮ್ಯಾನೇಜರ್‌ಗೇ ಕೊಟ್ಟಿಲ್ಲ ನಾನು!" ಎಂದು ಕಿಟಕಿ ಧಡಾರನೆ ಮುಚ್ಚಿದಳು.

ಅವನು ಗಾಜಿನಾಚೆ ನಿಂತು ಗಾಳಿಯಲ್ಲಿ ಬೋಲ್ಟ್ ಬಿಗಿದು ತೋರಿಸಿದ. ಸರದಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಿಘಂಟಿನಲ್ಲಿ ಕೆಳಗಿನ ಸಾಲುಗಳನ್ನು ಓದಿದಳು. ಸ್ಪ್ಯಾನರ್‌ಗೂ ಅದೇ ಪದ, ನೀರಿನ ವಾಲ್ವಿಗೂ ಅದೇ.

ಬೇರೆಯವರಾಗಿದ್ದರೆ ಅವಮಾನಕ್ಕೆ ನಿಘಂಟು ಮೂಲೆಗೆ ಎಸೆಯುತ್ತಿದ್ದರು. ಇವಳಿಗೆ ಆಸೆ ಹುಟ್ಟಿತು. "ಒಂದು ಕಲಿತ್ರೆ ಮೂರು ಬರುತ್ತೆ ಅಂದ್ಮೇಲೆ, ಒಂದೊಂದಕ್ಕೂ ಒಂದೊಂದು ಯಾಕೆ ಕಲೀಬೇಕು?" ಎಂದು ಆವತ್ತೇ ಒಂದು ನೋಟ್‌ಬುಕ್ಕು ಶುರು ಮಾಡಿದಳು. ಎರಡಕ್ಕಿಂತ ಕಡಿಮೆ ಅರ್ಥವಿರುವ ಪದಕ್ಕೆ ಅದರಲ್ಲಿ ಜಾಗವಿಲ್ಲ. ಹೀಗಾಗಿ ಅವಳಿಗೆ ಸ್ಪ್ಯಾನಿಷ್‌ನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ, ಥ್ಯಾಂಕ್ಸ್ ಹೇಳಲೂ ಬರುತ್ತಿರಲಿಲ್ಲ. ಆದರೆ 'ಓಹಾ' ಎಂದರೆ ಎಲೆ, ಕಾಗದದ ಹಾಳೆ, ಬ್ಲೇಡು ಎಂದೂ, 'ಕೋಲಾ' ಎಂದರೆ ಬಾಲ, ಸರದಿ ಸಾಲು, ಅಂಟು ಎಂದೂ ಸರಾಗವಾಗಿ ಹೇಳುತ್ತಿದ್ದಳು.

ಮನೆಯಲ್ಲಿ ಬಸ್ ಡ್ರೈವರ್ ಗಂಡನೇ ಅವಳಿಗೆ ಶ್ರೋತೃ. ಒಂದು ಸಂಜೆ ಅವನು ಶೂ ಬಿಚ್ಚುತ್ತಿದ್ದಾಗ ಕೇಳಿದಳು: "ರೀ, ಎಸ್ಪೋಸಾಸ್ ಅಂದ್ರೆ ಏನು ಗೊತ್ತಾ? ಹೆಂಡ್ತಿಯರು ಅಂತ. ಕೈಗೆ ಹಾಕೋ ಬೇಡಿಗೂ ಅದೇ ಪದವಂತೆ."

ಗಂಡ ತಲೆ ಎತ್ತದೆ ಅಂದ: "ಅದರಲ್ಲೇನು ವಿಶೇಷ? ಅಲ್ಲಿ ಕೂರಬೇಡಿ, ಇಲ್ಲಿ ನಿಲ್ಲಬೇಡಿ, ಶೂ ಒಳಗೆ ತರಬೇಡಿ. ನೀನೂ ಮೂವತ್ತು ವರ್ಷದಿಂದ ನಂಗೆ ಬೇಡೀನೇ ಹಾಕ್ತಾ ಇದೀಯಲ್ಲ."

ಅವಳು ಮೂರು ನಿಮಿಷ ನಕ್ಕಳು. ಆಮೇಲೆ ಶೂ ಹೊರಗಿಡಿಸಿದಳು.

ಒಂದು ಬೆಳಿಗ್ಗೆ ಉದ್ದಣ್ಣ ಬಂದು "ಗಾತೊ" ಕೇಳಿದ. ಗಾತೊ ಎಂದರೆ ಭಾರ ಎತ್ತುವ ಜಾಕ್ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರವೇ ಬರೆದುಕೊಂಡಿದ್ದಳು. ಅದರ ಪಕ್ಕದಲ್ಲೇ ಬರೆದಿದ್ದ ಇನ್ನೊಂದು ಅರ್ಥ ಆ ಹೊತ್ತಿಗೆ ಒರೆಸುವ ಬಟ್ಟೆಗಳ ಬುಟ್ಟಿಯಲ್ಲಿ ನಿದ್ದೆ ಹೊಡೆಯುತ್ತಿತ್ತು. ಬೀಗದಕ್ಕ ಕಾರ್ಖಾನೆಯ ಆ ಬೆಕ್ಕನ್ನು ಎತ್ತಿ, ಕುತ್ತಿಗೆಗೆ ಅವನ ಬಿಲ್ಲೆ ಕಟ್ಟಿ, ಕಿಟಕಿಯಿಂದ ದಾಟಿಸಿದಳು. ಪುಸ್ತಕದಲ್ಲಿ "ಗಾತೊ – ಒಂದು, ಸುಸ್ಥಿತಿಯಲ್ಲಿ" ಎಂದು ಬರೆದು ಸಹಿಗೆ ಬೆರಳು ತೋರಿಸಿದಳು. ಅವನು ಬೆಕ್ಕನ್ನು ನೋಡಿದ, ಅವಳನ್ನು ನೋಡಿದ, ಗಂಭೀರವಾಗಿ ಸಹಿ ಹಾಕಿ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಸಂಜೆ ವಾಪಸ್ ತಂದಾಗ, ನಿಯಮದಂತೆ ಅದನ್ನು ನಾಲ್ಕೂ ಕಾಲು ಸಮೇತ ಒರೆಸಿದ್ದ.

ಅಂದಿನಿಂದ ಅವರಿಬ್ಬರ ಸ್ನೇಹ ಕುದುರಿತು. ಅವನೂ ಕನ್ನಡ ಕಲಿಯತೊಡಗಿದ್ದ. ಇಪ್ಪತ್ತರವರೆಗೆ ಎಣಿಸಲು ಬರುತ್ತಿತ್ತು. ಒಮ್ಮೆ ಫೋರ್‌ಮನ್ ಮೇಲಿನ ಪೈಪು ತೋರಿಸಿ "ಏಣಿ ಹತ್ತು" ಎಂದದ್ದೇ, ಇವನು ಕಿಟಕಿಗೆ ಓಡಿಬಂದು ಹತ್ತು ಏಣಿ ಕೇಳಿದ. ಬೀಗದಕ್ಕನಿಗೆ ಎಲ್ಲಿ ಎಡವಟ್ಟಾಗಿದೆ ಎಂದು ತಕ್ಷಣ ಹೊಳೆಯಿತು. ಆದರೂ ಮುಖ ಸಪ್ಪೆ ಮಾಡಿ, "ನನ್ನ ಹತ್ರ ಮೂರೇ ಇರೋದು ಉದ್ದಣ್ಣ. ಉಳಿದಿದ್ದು ಹುಡುಕಬೇಕು" ಎಂದಳು. ಅವನು ಇಡೀ ಕಾರ್ಖಾನೆ ಅಲೆದ. ಫೋರ್‌ಮನ್ ಚಹಾ ಮುಗಿಸಿ ಬರುವ ಹೊತ್ತಿಗೆ ಗೋಡೆಗೆ ಸಾಲಾಗಿ ಒಂಬತ್ತು ಏಣಿ ಒರಗಿದ್ದವು. ಹತ್ತನೆಯದು ಸಿಗಲಿಲ್ಲವೆಂದು ಉದ್ದಣ್ಣ ಕೈಮುಗಿದು ಕ್ಷಮೆ ಕೇಳುತ್ತಿದ್ದ.

ಹೀಗೆ ನಗುತ್ತ ಎರಡು ತಿಂಗಳು ಕಳೆಯಿತು. ಆಮೇಲೊಂದು ಮಂಗಳವಾರ ಮಧ್ಯಾಹ್ನ ಟೈಪಿಸ್ಟ್ ಹುಡುಗಿ ಅಳುತ್ತ ಕಿಟಕಿಗೆ ಬಂದಳು.

"ಅಕ್ಕಾ, ಎಲ್ಲಾ ಮುಗೀತು. ರಸ್ತೆ ಆಚೆ ಇರೋ ನಮ್ಮ ಎರಡನೇ ಕಾರ್ಖಾನೆ ಮುಚ್ತಾರಂತೆ."

"ಯಾರು ಹೇಳಿದ್ದು?"

"ಎಂಜಿನಿಯರು ಚೀಟಿ ಬರೆದು ಮೇಜಿನ ಮೇಲಿಟ್ಟಿದ್ರು. ಸಾಹೇಬ್ರು ಅದನ್ನ ಓದೋಕೆ ಅನುವಾದ ಮಾಡೋ ಫೋನ್ ಹಿಡಿದ್ರೆ, ಎರಡನೇ ಕಾರ್ಖಾನೆ ಮುಚ್ಚಲೇಬೇಕು ಅಂತ ಬಂತು. ದೊಡ್ಡವರ ತೀರ್ಮಾನ ಇವರ ಕೈಲಿ ಹೇಳಿ ಕಳಿಸಿದಾರೆ ಅಂತ, ಸಾಹೇಬ್ರು ನೋಟೀಸನ್ನೂ ಟೈಪ್ ಮಾಡಿಸಿದ್ರು."

ರಸ್ತೆಯಾಚೆಯ ಕಟ್ಟಡದಲ್ಲಿ ನೂರ ನಲವತ್ತು ಜನ ದುಡಿಯುತ್ತಿದ್ದರು. ಸುದ್ದಿ ಆಗಲೇ ಹಬ್ಬಿ, ಅವರೆಲ್ಲ ಅಂಗಳಕ್ಕೆ ಬಂದು ನಿಂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ.  ಬೀಗದಕ್ಕ ಟೈಪಿಸ್ಟ್ ತಂದಿದ್ದ ಚೀಟಿಯ ನಕಲನ್ನು ಕಿತ್ತುಕೊಂಡು ನೋಡಿದಳು. ಉದ್ದಕ್ಕೂ ಒಂದೇ ಅರ್ಥದ ಒಂಟಿ ಪದಗಳೇ, ಒಂದೂ ಅರ್ಥವಾಗಲಿಲ್ಲ. ಕೊನೆಯಲ್ಲಿ ಮಾತ್ರ ಒಂದು ಗುರುತಿನ ಮುಖ: ಪ್ಲಾಂತಾ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ನಾಲ್ಕು ಅರ್ಥ ಬರೆದಿದ್ದಳು. ಓದಿದವಳೇ ಕಿಟಕಿ ಮುಚ್ಚಿ, ಉದ್ದಣ್ಣನ ತೋಳು ಹಿಡಿದು ಎಳೆದುಕೊಂಡು ಮ್ಯಾನೇಜರ್ ಕೋಣೆಗೆ ನುಗ್ಗಿದಳು.

"ನಿಮ್ಮ ತಮಾಷೆಗೆ ಈಗ ಟೈಮಿಲ್ಲ ಬೀಗದಕ್ಕ," ಎಂದರು ಮ್ಯಾನೇಜರ್. ಅವರ ಮುಖವೂ ಬಾಡಿತ್ತು.

"ಐದೇ ನಿಮಿಷ ಸಾರ್." ಅವಳು ಚೀಟಿಯನ್ನು ಮೇಜಿನ ಮೇಲೆ ಹರಡಿ, ಕಿಟಕಿಯಲ್ಲಿದ್ದ ಹೂಕುಂಡದ ಗಿಡಕ್ಕೆ ಬೆರಳು ತೋರಿಸಿದಳು. "ಪ್ಲಾಂತಾ?"

ಉದ್ದಣ್ಣ ಹೌದೆಂದು ತಲೆಯಾಡಿಸಿದ.

"ಚೀಟಿಲಿರೋದು ಇದೇನಾ?"

"ಅಲ್ಲ."

ಅವಳು ಚಪ್ಪಲಿ ಬಿಟ್ಟು, ಕುರ್ಚಿ ಹಿಡಿದುಕೊಂಡು, ಅಂಗಾಲನ್ನು ಮೇಜಿನ ಮಟ್ಟಕ್ಕೆ ಎತ್ತಿ ಹಿಡಿದಳು. ಮ್ಯಾನೇಜರ್ ಕುರ್ಚಿ ಸಮೇತ ಹಿಂದೆ ಸರಿದರು. "ಪ್ಲಾಂತಾ?"

"ಹೌದು."

"ಚೀಟಿಲಿರೋದು?"

"ಅಲ್ಲ!"

ಆಮೇಲೆ ರಸ್ತೆಯಾಚೆಯ ಕಾರ್ಖಾನೆ ತೋರಿಸಿದಳು. ಉದ್ದಣ್ಣ ಗಾಬರಿಯಿಂದ ಎರಡೂ ಕೈ ಆಡಿಸಿದ. "ಅಲ್ಲ, ಅಲ್ಲ!" ಕೊನೆಗೆ ಅವಳ ಬೆರಳು ಚಾವಣಿಯತ್ತ ಹೋದದ್ದೇ, ಅವನು ಮೇಲೆ ನೋಡಿ ಎರಡು ಬೆರಳು ಎತ್ತಿ ಕೂಗಿದ: "ಹೌದು! ಎರಡು ಮೇಲೆ! ಎರಡು ದಿನ! ಯಂತ್ರ..." ಎಂದು ಪದ ಸಿಗದೆ ಇಡೀ ಮೈ ಗಡಗಡ ಅಲುಗಿಸಿ ತೋರಿಸಿದ.

ಹೊಸ ಯಂತ್ರ ಅದುರುತ್ತಿತ್ತು. ಬೋಲ್ಟುಗಳನ್ನು ಮತ್ತೆ ಕೂರಿಸಲು ಎರಡನೇ ಮಹಡಿಯನ್ನು ಎರಡು ದಿನ ಮುಚ್ಚಬೇಕಿತ್ತು. ಅಷ್ಟೇ ಸಮಾಚಾರ. ಎಂಜಿನಿಯರುಗಳನ್ನು ಕರೆಸಿ ನಕಾಶೆಯ ಮೇಲೆ ಖಾತ್ರಿ ಮಾಡಿಕೊಂಡು, ಮ್ಯಾನೇಜರ್ ತಾವೇ ಅಂಗಳಕ್ಕೆ ಹೋಗಿ ಎಲ್ಲರೆದುರು ನೋಟೀಸು ಹರಿದರು. ಮೊದಲು ಒಬ್ಬಳು ನಕ್ಕಳು. ಮರುಕ್ಷಣ ಅಂಗಳಕ್ಕೆ ಅಂಗಳವೇ ಗದ್ದಲವಾಯಿತು.

"ಅಕ್ಕಾ, ಮೊದಲೇ ಚಾವಣಿ ತೋರಿಸಬಹುದಿತ್ತಲ್ಲ?" ಎಂದು ಟೈಪಿಸ್ಟ್ ಆಮೇಲೆ ಕೇಳಿದಳು.

"ತೋರಿಸಬಹುದಿತ್ತು ಕಣೆ. ಆದ್ರೆ ಮ್ಯಾನೇಜರ್‌ಗೆ ಅಂಗಾಲು ತೋರಿಸೋ ಅವಕಾಶ ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ ಸಿಕ್ಕಿದ್ದು."

ಯಂತ್ರ ಸರಿಯಾಗಿ ಓಡತೊಡಗಿದ ಮೇಲೆ ಉದ್ದಣ್ಣ ಹೊರಟು ನಿಂತ. ಕಿಟಕಿಗೆ ಬಂದು ಅವಳ ನೋಟ್‌ಬುಕ್ಕಿನಲ್ಲಿ ತನ್ನ ಕೈಯಾರೆ ಕೊನೆಯ ಪದವೊಂದನ್ನು ಬರೆದ: ಮೋನೊ. "ಮುದ್ದು, ಚಂದ. ನಮ್ಮ ದೊಡ್ಡ ಸಾಹೇಬ್ರು ಬಂದ್ರೆ ಹೇಳಿ ಅಕ್ಕ" ಎಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳೂ ವಿಧೇಯಳಾಗಿ ತಲೆಯಾಡಿಸಿ, ಅವನು ಗೇಟು ದಾಟುವವರೆಗೂ ಕೈಬೀಸಿದಳು. ಆಮೇಲೆ ನಿಘಂಟು ತೆಗೆದಳು. ಒಂದೇ ಅರ್ಥದ ಪದವನ್ನು ಆ ಆಸಾಮಿ ತನಗೆ ಕೊಟ್ಟು ಹೋದಾನೆಂದರೆ ಅವಳಿಗೆ ನಂಬಿಕೆ ಬರಲಿಲ್ಲ.

ಮೂರು ತಿಂಗಳ ಬಳಿಕ ಯಂತ್ರದ ಕಂಪನಿಯ ನಿರ್ದೇಶಕರು ತಪಾಸಣೆಗೆ ಬಂದರು. ದಪ್ಪ ಹುಬ್ಬಿನ, ನಗದ ಮನುಷ್ಯ. ನೀಲಿ ಮೇಲುಡುಪು ತೊಟ್ಟು ಕಾರ್ಖಾನೆ ಸುತ್ತಿ, ಸಲಕರಣೆ ಕೋಣೆಯ ಮುಂದೆ ನಿಂತರು. ಬೀಗದಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಟ್ಟಿಯಾಗಿ "ಕೆ ಮೋನೊ!", ಅಂದರೆ ಎಂಥ ಮೋನೊ, ಎಂದಳು. ಜೊತೆಗಿದ್ದ ದುಭಾಷಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಿರ್ದೇಶಕರ ಹುಬ್ಬು ಮೇಲೇರಿತು. ಬೀಗದಕ್ಕ ನಿಧಾನಕ್ಕೆ ಕಿಟಕಿಯಿಂದ ಕೈ ಚಾಚಿ ಅವರ ನೀಲಿ ತೋಳನ್ನು ಮುಟ್ಟಿ, "ಮೋನೊ. ಬಟ್ಟೆ ಚೆನ್ನಾಗಿದೆ ಅಂದೆ" ಎಂದಳು. ಮೇಲುಡುಪಿಗೂ ಅದೇ ಪದ. ನಿರ್ದೇಶಕರು ತಮ್ಮ ಬಟ್ಟೆಯನ್ನೊಮ್ಮೆ ನೋಡಿಕೊಂಡು, ಅಲ್ಲಿದ್ದವರೆಲ್ಲ ಬೆಚ್ಚುವಂತೆ ಗಹಗಹಿಸಿ ನಕ್ಕರು.

"ಮುದ್ದು, ಮೇಲುಡುಪು, ಎರಡೇ ಅರ್ಥಾನಾ ಅದಕ್ಕೆ?" ಎಂದು ಗಂಡ ಕೇಳಿದ, ಆ ಸಂಜೆ ಕಥೆ ಕೇಳಿಯಾದ ಮೇಲೆ.

"ಇನ್ನೊಂದಿದೆ. ಕೋತಿ."

"ನೀನು ಅವರಿಗೆ ಅಂದಿದ್ದು ಯಾವುದು?"

"ರೀ, ಅದೊಂದು ಮಾತ್ರ ಕೇಳಬೇಡಿ," ಎಂದು ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ನೋಡು, ಮತ್ತೆ ಬೇಡಿ ಹಾಕಿದ್ಯಲ್ಲ!" ಎಂದು ಅವನು ಕೂಗಿದ. ಒಳಗಿನಿಂದ ನಗು ಮಾತ್ರ ಕೇಳಿಸಿತು.