ಪೈಪಿನ ಕೆಳಗಿನ ಸರ್ವ್

"ರ‍್ಯಾಕೆಟ್ ಬೇಡಮ್ಮ. ಎಡಗೈಲಿ ಬಾಲ್ ಹೇಗೆ ಎಸೀತೀಯ, ಅಷ್ಟೇ ತೋರಿಸು" ಎಂದರು ಮೂಳೆ ಡಾಕ್ಟರು.

ಕಳೆದ ವಾರ, ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ. ನನ್ನ ಅಕ್ಕನ ಮಗಳು ಸಿಂಚನಾ ಎದ್ದು ನಿಂತಳು. ಪಿಯುಸಿ ಓದುವ ಹುಡುಗಿ. ಟೆನಿಸ್ ಎಂದರೆ ಪ್ರಾಣ. ಈಗ ಬಲಗೈಯಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿಲ್ಲ. ಇಲ್ಲದ ಚೆಂಡನ್ನು ಮೇಲಕ್ಕೆ ಬಿಟ್ಟಳು. ಕೈ ಎದೆಮಟ್ಟಕ್ಕೇ ನಿಂತುಬಿಟ್ಟಿತು.

"ಇಷ್ಟು ಕೆಳಗೆ ಯಾಕೆ?"

"ಮೇಲೆ ಪೈಪ್ ಇದೆ ಸರ್."

ಕ್ಲಿನಿಕ್ಕಿನಲ್ಲಿ ಯಾವ ಪೈಪೂ ಇರಲಿಲ್ಲ. ಅದು ಇರುವುದು ಭದ್ರಾವತಿಯಲ್ಲಿ, ಜನ್ನಾಪುರದ ಅಕ್ಕನ ಮನೆ ಹತ್ತಿರದ ಕ್ಲಬ್ಬಿನಲ್ಲಿ. ಮದುವೆ, ನಾಮಕರಣಗಳಿಗೆ ಬಾಡಿಗೆ ಕೊಡಲು ಟೆನಿಸ್ ಕೋರ್ಟಿನ ಎರಡೂ ತುದಿಗೆ ಶಾಮಿಯಾನದ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದಾರೆ. ಒಂದು ತುದಿ ವೇದಿಕೆಗೆ, ಇನ್ನೊಂದು ಊಟದ ಪಂಕ್ತಿಗೆ. ಅಡ್ಡ ಪೈಪು ಸರ್ವ್ ಮಾಡುವವರ ತಲೆಯ ಮೇಲೇ. ಪ್ರತಿಸಲ ಬಿಚ್ಚಿ ಕಟ್ಟುವವರು ಯಾರು? ಹಾಗೇ ಬಿಟ್ಟರು. (ಆಡುವವರಿಗಿಂತ ಉಣ್ಣುವವರು ಜಾಸ್ತಿ ತಾನೆ?)

ಸರ್ವ್ ಮಾಡುವಾಗ ಚೆಂಡನ್ನು ಎತ್ತರಕ್ಕೆ, ತುಸು ಮುಂದಕ್ಕೆ ಬಿಡಬೇಕು; ಅದೇ ಟಾಸ್. ಮೊಣಕಾಲು ಬಗ್ಗಬೇಕು. ನೆಲ ಒದ್ದ ಶಕ್ತಿ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ, ಕೈ ಪೂರ್ತಿ ಚಾಚಿದಾಗ ಚೆಂಡಿಗೆ ತಾಗಬೇಕು. ಇದಕ್ಕೆಲ್ಲ ಸಮಯ ಸಿಗುವುದು ಟಾಸ್ ಎತ್ತರವಿದ್ದರೆ ಮಾತ್ರ. ಅದು ತಗ್ಗಿತೋ, ಕಾಲಿಗೂ ಸೊಂಟಕ್ಕೂ ರಜೆ. ಭುಜವೊಂದೇ ದುಡಿಯಬೇಕು.

ಪೈಪಿಗೆ ತಾಗಬಾರದೆಂದು ಇವಳು ಟಾಸ್ ಇಳಿಸಿಕೊಂಡಳು. ಯಾರಾದರೂ ತಿದ್ದಿದರಾ? "ಏನ್ ಸ್ಪೀಡ್ ಮಾರಾಯ್ತಿ ನಿನ್ ಸರ್ವು!" ಎಂದು ಕ್ಲಬ್ಬಿನ ಹಿರಿಯರು ಚಪ್ಪಾಳೆ ತಟ್ಟಿದರು. ನೋವು ಎಂದಾಗ ಮುಲಾಮು ಕೊಟ್ಟರು. ಚೌಕಟ್ಟು ಬಿಚ್ಚಿಸಿ ಎಂದು ಭಾವ ಕೇಳಿದ್ದಕ್ಕೆ, "ಮದ್ವೆ ಸೀಸನ್ ಮುಗೀಲಿ ಬಿಡಿ ಸಾರ್" ಎಂದರು. ಸೀಸನ್ ಮುಗಿಯಿತು, ಇನ್ನೊಂದು ಬಂತು.

ಸ್ಕ್ಯಾನ್ ನೋಡಿದ ಡಾಕ್ಟರು ಮಾತು ಎಳೆಯಲಿಲ್ಲ. "ಭುಜದ ಒಳಗೆ ಹರಿದಿದೆ. ಆಪರೇಷನ್ ಮಾಡೋಣ, ಮನೆ ಕೆಲಸಕ್ಕೆ ಕೈ ಬರುತ್ತೆ. ಸರ್ವ್ ಮಾತ್ರ ಮರೆತುಬಿಡಮ್ಮ."

ಸಿಂಚನಾ ಅಳಲಿಲ್ಲ. "ಕೆಳಗಿಂದ ಸರ್ವ್ ಮಾಡಬಹುದಾ ಸರ್?" ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ಇಂಥ ಸಿಟ್ಟು, ಇಂಥ ಸಂಕಟ ನನಗೆ ಬಂದದ್ದೇ ಇಲ್ಲ.

ನಿನ್ನೆ ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿದ್ದರು. ಆಪರೇಷನ್ ವಿಷಯ ಅವರಿಗೆ ಗೊತ್ತು.

"ಪಾಪ, ಜಿಲ್ಲೆಗೇ ಹೆಸರು ತಂದ ಹುಡುಗಿ. ಭಾನುವಾರ ಕೋರ್ಟಲ್ಲೇ ಸನ್ಮಾನ ಇಟ್ಕೊಂಡಿದೀವಿ ಸಾರ್, ಶಾಮಿಯಾನ ಹೇಗೂ ರೆಡಿ ಇದೆ. ಪೇಪರ್‌ಗೆ ಬರೆಯೋರು ನೀವು, ಶಾಲು ನೀವೇ ಹೊದಿಸ್ಬೇಕು."

ಯಾವ ಭುಜಕ್ಕೆ ಸ್ವಾಮಿ?