ಸುಡದೆ ನೋಡಿದ ಪುಡಿ

ನವಿ ಮುಂಬಯಿಯ ನಮ್ಮ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಕುಲುಮೆ ಇದೆ, ಅದಕ್ಕೆ ಜೋಡಿಸಿದ ಸೂಕ್ಷ್ಮದರ್ಶಕವೂ ಇದೆ. ಚಿಟಿಕೆ ಪುಡಿಯನ್ನು ಬಿಲ್ಲೆಯಂತೆ ಒತ್ತಿ ಒಳಗಿಟ್ಟು ಕಾಯಿಸಿದರೆ, ಸಾವಿರ ಡಿಗ್ರಿ ದಾಟಿದ ಮೇಲೆ ಅದರ ಮೂಲೆಗಳು ದುಂಡಗಾಗಿ, ಕುಸಿದು ಹರಡುವುದೆಲ್ಲ ಪರದೆಯ ಮೇಲೆ ನೆರಳಾಗಿ ಕಾಣುತ್ತದೆ. ಕರಗಿದ ಉಕ್ಕನ್ನು ಅಚ್ಚಿಗೆ ಹೊಯ್ಯುವಾಗ ಮೇಲೆ ಚೆಲ್ಲುವ ಪುಡಿ ಅದು. ಅದು ಸರಿಯಾಗಿ ಕರಗದಿದ್ದರೆ ಉಕ್ಕು ಅಚ್ಚಿಗೆ ಅಂಟಿಕೊಳ್ಳುತ್ತದೆ.

ಕಳಂಬೋಲಿಯ ಆಚೆಗಿನ ಒಂದು ಸಣ್ಣ ಕಾರ್ಖಾನೆ ಹಳೆಯ ಪುಡಿ, ಹೊಸ ಪುಡಿ ಎರಡನ್ನೂ ಕಳಿಸಿತ್ತು. ಎರಡೂ ಒಂದೇ ಎಂದು ವರದಿ ಬರೆದೆ. ವಾರದ ನಂತರ ಅಲ್ಲಿನ ಫೋರ್‌ಮನ್ ತಾವೇ ಬಂದರು. ಗದಗ ಕಡೆಯವರು, ಟಿಟ್ವಾಳಾದಲ್ಲಿ ಮನೆ, ನಿವೃತ್ತಿ ಹತ್ತಿರವಿತ್ತು. ನಾನು ಡೊಂಬಿವಲಿಯಲ್ಲಿದ್ದ ಅಮ್ಮನೊಡನೆ ಫೋನಿನಲ್ಲಿ ತುಳು ಮಾತಾಡುವುದನ್ನು ಕೇಳಿ, ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದರು.

"ಹೊಸಾದು ಗಂಟ್ ಕಟ್ಟತೈತಿ ಮೇಡಂ. ನಿಮ್ಮ ರಿಪೋರ್ಟ್ ತೋರಿಸಿ, ಪುಡಿ ಸರಿ ಐತಿ, ನಿನಗ ಹಾಕಾಕ ಬರಂಗಿಲ್ಲ ಅಂದ್ರು ನಮ್ಮ ಸಾಹೇಬ್ರು."

ನನಗೆ ಸ್ವಲ್ಪ ಸಿಟ್ಟು ಬಂತು. "ಮೆಷಿನ್ ಸುಳ್ಳು ಹೇಳುವುದಿಲ್ಲ ಮಾರಾಯ್ರೆ."

"ಸುಳ್ಳ ಅಂತ ನಾ ಅಂದಿಲ್ಲರಿ. ಅದರಾಗ ಇಡೂ ಮೊದಲ ಪುಡಿಗೆ ಏನ್ ಮಾಡ್ತೀರಿ?"

ಪುಡಿಯಲ್ಲಿರುವ ಇಂಗಾಲವನ್ನು ಮೊದಲೇ ಸುಟ್ಟು ತೆಗೆಯುತ್ತೇವೆ, ಇಲ್ಲದಿದ್ದರೆ ಅನಿಲ ಎದ್ದು ಆಕಾರ ಕೆಡುತ್ತದೆ ಎಂದೆ. ಹೇಳುತ್ತಲೇ ನನಗೆ ಹೊಳೆಯಿತು. ಪುಡಿ ಬೇಗ ಕರಗಬೇಕೋ ನಿಧಾನವಾಗಿ ಕರಗಬೇಕೋ ಎಂಬುದನ್ನು ನಿರ್ಧರಿಸುವುದು ಆ ಇಂಗಾಲವೇ. ಅದನ್ನು ಸುಟ್ಟು, ವ್ಯತ್ಯಾಸವನ್ನೂ ಸುಟ್ಟುಬಿಟ್ಟಿದ್ದೆ.

ಅಂದೇ ಎರಡನ್ನೂ ಸುಡದೆ ಇಟ್ಟೆ. ಅವರು ಪಕ್ಕದ ಸ್ಟೂಲಿನಲ್ಲಿ ಕೂತರು. ಹಳೆಯ ಪುಡಿ ದುಂಡಗಾಗಿ ಹರಡಿತು. ಊಟದ ನಂತರ ಹೊಸದನ್ನು ಇಟ್ಟರೆ, ಅಷ್ಟೇ ಶಾಖಕ್ಕೆ ಅದರ ಮೂಲೆಗಳು ಇನ್ನೂ ಚೂಪಾಗಿಯೇ ನಿಂತಿದ್ದವು.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ವರ್ಷ ಮ್ಯಾಲಿಂದನ ನೋಡೇನ್ರಿ, ಅದೂ ಝಳಕ್ಕ ಕಣ್ಣು ಕಿರಿದ್ ಮಾಡ್ಕೊಂಡು."

ಮೊದಲ ವರದಿ ನಿಯಮದ ಪ್ರಕಾರವೇ ಇದೆ, ಬದಲಿಸುವುದೇಕೆ ಎಂದು ನಮ್ಮ ಮುಖ್ಯಸ್ಥರು ಕೇಳಿದರು. ಅದರಿಂದ ಒಬ್ಬರ ಹೆಸರು ಕೆಟ್ಟಿದೆ ಎಂದೆ. ಸ್ವಲ್ಪ ಯೋಚಿಸಿ ಹೊಸ ವರದಿಗೆ ಸಹಿ ಹಾಕಿದರು.

ಹದಿನೈದು ದಿನಗಳ ಮೇಲೆ ಫೋರ್‌ಮನ್ ಫೋನ್ ಮಾಡಿ, ಹೊಸ ಚೀಲಗಳನ್ನು ವಾಪಸ್ ಕಳಿಸಿದ ಸುದ್ದಿ ಹೇಳಿದರು.

"ಸಾಹೇಬರು ಏನಂದರು?"

"ಇವತ್ತ ಮುಂಜಾನೆ ತಮ್ಮ ಕ್ಯಾಬಿನ್ನಿಗೆ ಚಾ ಕುಡಿಯಾಕ ಕರದಿದ್ರು."