ಟ್ರ್ಯಾಕ್ ಮೇಲೆ ಓಡಿಸೋ ಕಾರು

ರೇಸ್ ಟ್ರ್ಯಾಕಿನಲ್ಲಿ ಓಡಿಸಬೇಕೆಂದು ನನ್ನ ಹಳೇ ಕಾರಿನ ಬ್ರೇಕ್ ಪೈಪುಗಳನ್ನು ನಾನೇ ಬದಲಾಯಿಸಿದ್ದೆ. ಕಂಪನಿಯವರು ಮುಂದಿನ ಒಂದೊಂದು ಚಕ್ರವನ್ನೂ ಎದುರು ಮೂಲೆಯ ಹಿಂದಿನ ಚಕ್ರಕ್ಕೆ ಜೋಡಿಸಿದ್ದರು. ನಾನು ಮುಂದಿನ ಎರಡಕ್ಕೂ ಒಂದೇ ಲೈನು, ಹಿಂದಿನ ಎರಡಕ್ಕೆ ಇನ್ನೊಂದು ಅಂತ ಮಾಡಿಬಿಟ್ಟೆ.

ಒಂದು ಬೆಳಿಗ್ಗೆ ಅದರಲ್ಲಿ ಹೋಗುತ್ತಿದ್ದಾಗ ಶಿವನಿ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಬ್ರೇಕ್ ಒತ್ತಿದರೆ ಪೆಡಲು ಸೀದಾ ಕೆಳಗೆ ಹೋಯಿತು. ಹಿಂದಿನ ಚಕ್ರಗಳಷ್ಟೇ ಹಿಡಿದು, ಕಾರು ಗೇಟಿಗೆ ಮೂಗು ತಾಗಿಸಿ ನಿಂತಿತು.

ಪಕ್ಕದಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುವ ಬಸಣ್ಣನವರ ಶೆಡ್ಡು. ಅವರು ಬಂದು ಬಗ್ಗಿ ನೋಡಿದರು. "ಮುಂದ್ಲ ಪೈಪ್ ಸೋರ್ತೈತೆ. ಯಾರು ಹಿಂಗೆ ಜೋಡ್ಸಿದ್ದು?"

"ನಾನೇ. ಟ್ರ್ಯಾಕ್ ಮೇಲೆ ಓಡ್ಸೋಕೆ."

ಅವರು ಗೇಟಿನಾಚೆಯ ಹಳಿ ನೋಡಿದರು, ನನ್ನನ್ನು ನೋಡಿದರು. "ಅದ್ರ ಮೇಲೆ ರೈಲು ಬತ್ತದೆ ಕಣಪ್ಪಾ."

ರೇಸಿನ ವಿಷಯ ವಿವರಿಸಿದೆ.

"ಆಯ್ತು ಬಿಡು. ಅಲ್ಲಿಗೆ ಹೋಗೋದು ರಸ್ತೆ ಮೇಲೇ ತಾನೇ? ಜೋಡೆತ್ತಿಗೆ ಒಂದೇ ಹಗ್ಗ ಹಾಕಿ, ಅದು ಕಿತ್ತೋದ್ರೆ ಎರಡೂ ಕೈಬಿಟ್ಟಂಗೇ."

ಮಧ್ಯಾಹ್ನದವರೆಗೆ ಕೂತು, ಸೋರುತ್ತಿದ್ದ ಪೈಪು ಬದಲಿಸಿ, ಎಲ್ಲವನ್ನೂ ಮೊದಲಿನ ಹಾಗೇ ಜೋಡಿಸಿದರು. ನಾನು ಪೆಡಲು ಒತ್ತುತ್ತಿದ್ದರೆ ಕೆಳಗೆ ಮಲಗಿ ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಮನೆಯಿಂದ ಬಂದ ರೊಟ್ಟಿಯಲ್ಲಿ ನನಗೂ ಅರ್ಧ ಕೊಟ್ಟರು. ಆ ಕೈಗಳನ್ನು ನಾನು ಮರೆತಿಲ್ಲ.

ಟ್ರ್ಯಾಕ್ ಅಂದರೆ ರೈಲ್ವೆ ಹಳಿ ಅಂದುಕೊಂಡರಲ್ಲ ಎಂದು ಗೆಳೆಯರು ಈಗಲೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅವತ್ತು ಇನ್ನೆರಡು ಮಾರು ಮುಂದೆ ಹೋಗಿದ್ದರೆ ಬಸಣ್ಣನವರು ಅಂದುಕೊಂಡಿದ್ದೇ ಸರಿಯಾಗುತ್ತಿತ್ತು.